ತೆಪ್ಪದಲ್ಲಿ ನಾಯಿಗೂ ಒಂದು ಜಾಗ

ಪಾವಗಡದ ಕಡೆಯವರ ಹತ್ತಿರ ಕಯಾಕಿಂಗ್ ಅಂತ ಹೇಳಿ ನೋಡಿ. ಮೊದಲು ನಗ್ತಾರೆ, ಆಮೇಲೆ ‘ನೀರೆಲ್ಲಿ ಸ್ವಾಮಿ?’ ಅಂತಾರೆ. ನಗೋಕೆ ಅವರಿಗೆ ಹಕ್ಕಿದೆ. ಆ ತಾಲ್ಲೂಕಿನ ಹೆಸರು ಹೊರಗಿನವರಿಗೆ ಗೊತ್ತಾಗಿದ್ದೇ ಒಂದು ಶನಿಮಹಾತ್ಮನಿಂದ, ಇನ್ನೊಂದು ಬಿಸಿಲಿನಿಂದ. ಆ ಬಿಸಿಲನ್ನೇ ನಂಬಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಪಕ್ಕದ ಶಿರಾ, ಮಧುಗಿರಿ, ಕೊರಟಗೆರೆಗಳ ಕಥೆಯೂ ಬಹಳ ಬೇರೆ ಏನಲ್ಲ. ಕೆರೆ ಇದೆ, ನೀರು ಇದ್ದರೆ ಇದೆ.

ಆದರೆ ನೀರು ಬಂದ ವರ್ಷ ಬರುತ್ತೆ ನೋಡಿ, ಆಗ ಈ ಸೀಮೆಯ ಗಮ್ಮತ್ತೇ ಬೇರೆ. 2022ರಲ್ಲಿ ಮಳೆ ಹುಯ್ದ ರೀತಿಗೆ ಶಿರಾ ಆಚೆ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ, 89 ವರ್ಷಕ್ಕೆ, ಕೋಡಿ ಬಿತ್ತು. ಜಯಮಂಗಲಿಯಲ್ಲಿ, ಉತ್ತರ ಪಿನಾಕಿನಿಯಲ್ಲಿ ನೀರು ಹರಿಯೋದನ್ನು ಕಂಡೇ ಇರದ ಮಕ್ಕಳು ಸೇತುವೆ ಮೇಲೆ ನಿಂತು ನೋಡಿದರು. ಆಮೇಲಿನ ಚಳಿಗಾಲದಲ್ಲೇ ಇರಬೇಕು, ಕೆರೆ ಏರಿಗಳ ಮೇಲೆ ಕೆಎ-02, ಕೆಎ-05 ಕಾರುಗಳು ನಿಲ್ಲೋದಕ್ಕೆ ಶುರುವಾಗಿದ್ದು. ಡಿಕ್ಕಿಯಿಂದ ಗಾಳಿ ತುಂಬುವ ಕಯಾಕ್ ಇಳೀತು, ಕಾಲಲ್ಲಿ ಒತ್ತುವ ಪಂಪ್ ಇಳೀತು, ಹಿಂದಿನ ಸೀಟಿನಿಂದ ಬಾಲ ಅಲ್ಲಾಡಿಸುತ್ತಾ ನಾಯಿನೂ ಇಳೀತು.

ಈ ಮೂರನೆಯವರ ಬಗ್ಗೆಯೇ ಈ ಬರಹ. ಕೆಲಸ ಬೆಂಗಳೂರಲ್ಲಿ, ಮನೆ ಶಿರಾ ಕಡೆ. ನನ್ನದೂ ಒಂದು ನಾಯಿ ಇದೆ, ಹೆಸರು ಚುಕ್ಕಿ, ಹದಿನೆಂಟು ಕೆ.ಜಿ., ಅಪ್ಪಟ ಬೀದಿ ತಳಿ. ಹೀಗಾಗಿ ಇದು ಇಂಟರ್‌ನೆಟ್ ನೋಡಿ ಬರೆದ ಟಿಪ್ಸ್ ಅಲ್ಲ. ಅಂಥ ಟಿಪ್ಸ್‌ಗಳೆಲ್ಲ ಸರೋವರ, ಪೈನ್ ಮರ, ತಣ್ಣನೆ ಗಾಳಿ ಇರುವ ಊರಿನವು. ನಮ್ಮ ಕೆರೆಯ ಒಳಗೆ ಬಳ್ಳಾರಿ ಜಾಲಿ ಇರುತ್ತೆ ಅಂತ ಅವರಿಗೇನು ಗೊತ್ತು?

ಐನೂರು ವರ್ಷದ ಹಿಂದೆಯೇ ಹತ್ತಿದ್ದವು

ಪ್ರಾಣಿಯನ್ನು ದೋಣಿ ಹತ್ತಿಸೋದು ರೀಲ್ಸ್ ಕಾಲದ ಶೋಕಿ ಅಂತ ನಮ್ಮಪ್ಪನ ವಾದ. ಪಾಪ, ಪೂರ್ತಿ ತಪ್ಪೂ ಅಲ್ಲ. ಆದರೆ 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ನಮ್ಮ ಹರಿಗೋಲನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ಗುಂಡಗಿರುವ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು. ಬೇಕಾದರೆ ಕುದುರೆ, ಎತ್ತುಗಳನ್ನೂ ಅದರಲ್ಲೇ ದಾಟಿಸ್ತಾರೆ, ಆದರೆ ಸಾಮಾನ್ಯವಾಗಿ ಅವು ಈಜಿಕೊಂಡೇ ಹೋಗ್ತವೆ. ಎತ್ತನ್ನೇ ಕೂರಿಸಿಕೊಂಡು ತುಂಗಭದ್ರೆ ದಾಟಿದವರಿಗೆ ಹದಿನೆಂಟು ಕೆ.ಜಿ. ಚುಕ್ಕಿ ಯಾವ ಲೆಕ್ಕ!

ಹೊರದೇಶದಲ್ಲಿ ದೋಣಿ ನಾಯಿ ಅಂದರೆ ನೆನಪಾಗುವುದು ‘ಸೀಮನ್’. ಅಮೆರಿಕದ ಮೆರಿವೆದರ್ ಲೂಯಿಸ್ ಎಂಬ ಸೇನಾ ಕ್ಯಾಪ್ಟನ್ 1803ರಲ್ಲಿ ಇಪ್ಪತ್ತು ಡಾಲರ್ ಕೊಟ್ಟು ಕೊಂಡ ನ್ಯೂಫೌಂಡ್‌ಲ್ಯಾಂಡ್ ತಳಿಯ ದೊಡ್ಡ ನಾಯಿ ಅದು. ಲೂಯಿಸ್, ಕ್ಲಾರ್ಕ್ ಇಬ್ಬರೂ ಮಿಸೌರಿ ನದಿ ಹಿಡಿದು ಪೆಸಿಫಿಕ್ ಸಾಗರದವರೆಗೆ ಹೋಗಿ ಬಂದ ಆ ಪ್ರಯಾಣದಲ್ಲಿ ಅದೂ ಇತ್ತು. ಶುರುವಿನಲ್ಲಿ ಒಹಾಯೋ ನದಿಯಲ್ಲಿ ಹೋಗುವಾಗ ಈಜುತ್ತಿದ್ದ ಅಳಿಲುಗಳನ್ನು ಹಿಡಿದು ದೋಣಿಗೆ ತಂದುಕೊಡುತ್ತಿತ್ತಂತೆ. ಯಜಮಾನ ಹುರಿದು ತಿಂದು ರುಚಿಯಾಗಿತ್ತು ಅಂತ ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ಅದೇ ದಿನಚರಿಯಲ್ಲಿ ಇನ್ನೆರಡು ವಿಷಯಗಳೂ ಇವೆ. 1805ರ ಮೇ ತಿಂಗಳಲ್ಲಿ ಗಾಯಗೊಂಡಿದ್ದ ಬೀವರ್ ಒಂದನ್ನು ತರೋಕೆ ಹೋಗಿ ಅದು ಹಿಂಗಾಲಿಗೆ ಕಚ್ಚಿ, ರಕ್ತನಾಳ ಹರಿದು, ನಾಯಿ ಉಳಿಯೋದೇ ಅನುಮಾನ ಆಗಿತ್ತು. ಅದೇ 1805ರ ಬೇಸಿಗೆಯಲ್ಲಿ ಹುಲ್ಲಿನ ಮುಳ್ಳುಬೀಜಗಳು ಚರ್ಮಕ್ಕೆ ನಾಟಿ ಅದು ಹಗಲೂ ರಾತ್ರಿ ಕಚ್ಚಿಕೊಳ್ಳುತ್ತಾ ನರಳಿತ್ತು.

ನೋಡಿ, ಅಲ್ಲೂ ನೀರಿಗಿಂತ ದಡ ಮತ್ತು ದಡದ ಮುಳ್ಳೇ ಹೆಚ್ಚು ಕಾಟ ಕೊಟ್ಟಿದ್ದು. ನಮ್ಮಲ್ಲೂ ಅಷ್ಟೇ.

ಕೆರೆಯ ಒಳಗೆ ಏನಿದೆ?

ಬೆಟ್ಟದ ಊರಿನ ಸರೋವರಕ್ಕೂ ಬಯಲುಸೀಮೆ ಕೆರೆಗೂ ಇರುವ ದೊಡ್ಡ ವ್ಯತ್ಯಾಸ ಇದು: ನಮ್ಮ ಕೆರೆ ಅಂಗಳ ನಾಲ್ಕೈದು ವರ್ಷ ಒಣಗಿ ಬಿದ್ದಿರುತ್ತೆ. ಆ ನಾಲ್ಕೈದು ವರ್ಷದಲ್ಲಿ ಅದರೊಳಗೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆಯುತ್ತೆ. ಇಟ್ಟಿಗೆ ಗೂಡಿನವರು, ಲೇಔಟ್‌ನವರು ಮಣ್ಣು ತೆಗೆದ ಗುಂಡಿಗಳು ಬೀಳುತ್ತವೆ. ಆಮೇಲೆ ಒಂದು ವರ್ಷ ಭರ್ತಿ ಮಳೆ. ಮೇಲಿಂದ ನೋಡಿದರೆ ಕನ್ನಡಿ. ಕೆಳಗೆ ಜಾಲಿ ಕಾಡು, ಅದರ ನಡುವೆ ಮೊಣಕಾಲುದ್ದದಿಂದ ಒಮ್ಮೆಲೇ ಎರಡಾಳು ಆಳಕ್ಕೆ ಇಳಿಯುವ ಗುಂಡಿ. ಈ ಭಾಗದಲ್ಲಿ ಕೆರೆಗೆ ಬಿದ್ದು ಮಕ್ಕಳು ಹೋದರು ಅಂತ ಪೇಪರ್‌ನಲ್ಲಿ ಓದುವಾಗೆಲ್ಲ ಆ ಗುಂಡಿಯ ಮಾತು ಇದ್ದೇ ಇರುತ್ತೆ. ಜಯಮಂಗಲಿಯಲ್ಲೂ ಪಿನಾಕಿನಿಯಲ್ಲೂ ಮರಳು ತೆಗೆದ ಗುಂಡಿಗಳು ಹೀಗೇ ಮುಚ್ಚಿಕೊಂಡಿರುತ್ತವೆ.

ಗಾಳಿ ತುಂಬುವ ಕಯಾಕಿಗೆ ನಾಯಿ ಉಗುರಿನಿಂದ ತೂತಾಗುತ್ತೆ ಅಂತ ಎಲ್ಲರೂ ಹೆದರ್ತಾರೆ. ಉಗುರು ಕತ್ತರಿಸಿ, ತಳಕ್ಕೊಂದು ಯೋಗಾ ಮ್ಯಾಟ್ ಹಾಸಿದರೆ ಆ ಭಯ ಮುಗೀತು; ನಾಯಿಗೆ ಕಾಲೂ ಜಾರಲ್ಲ. ನಿಜವಾಗಿ ಹೆದರಬೇಕಾದ್ದು ಜಾಲಿ ಮುಳ್ಳಿಗೆ. ದಡದ ಹತ್ತಿರ, ಮರದ ತುದಿಗಳು ನೀರಿನಿಂದ ಇಣುಕುವ ಕಡೆ ಹೋಗಲೇಬೇಡಿ. ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವಂಥ ಕಯಾಕ್ ಆದರೆ ಈ ತೊಂದರೆ ಕಡಿಮೆ, ಮಗುಚಿದರೂ ಅದರೊಳಗೆ ನೀರು ತುಂಬಿಕೊಳ್ಳಲ್ಲ. ಆದರೆ ಅದನ್ನು ಕಾರಿನ ತಲೆ ಮೇಲೆ ಕಟ್ಟಿಕೊಂಡು ನೆಲಮಂಗಲದ ಟ್ರಾಫಿಕ್ ದಾಟಿ ಬರೋದು ಬೇರೆ ಪುರಾಣ.

ಇನ್ನು ಬಲೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಳೆದ ಚಳಿಗಾಲ ನಮ್ಮೂರ ಹತ್ತಿರದ ಕೆರೆಗೆ ಪರಿಚಯದ ಒಂದು ಜೋಡಿ ಬಂದಿದ್ದರು, ಬೆಂಗಳೂರಿನವರು. ಜೊತೆಗೆ ಮೂರು ವರ್ಷದ ಲ್ಯಾಬ್ರಡಾರ್. ಲ್ಯಾಬ್ ಅಂದರೆ ನೀರಿನ ನಾಯಿ ತಾನೇ, ಹಿಂದಿನ ಕಾಲದಲ್ಲಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದ ನಾಯಿಗಳ ವಂಶ. ನಾನು ಏರಿ ಮೇಲೆ ಚುಕ್ಕಿ ಹಿಡಿದುಕೊಂಡು ನಿಂತಿದ್ದೆ. ಬೆಳ್ಳಕ್ಕಿ ಹಾರಿತು, ಲ್ಯಾಬ್ ಹಾರಿತು. ಹತ್ತು ಮಾರು ಚೆನ್ನಾಗಿ ಈಜಿ, ಆಮೇಲೆ ಇದ್ದಲ್ಲೇ ನಿಂತು ಒದ್ದಾಡೋಕೆ ಶುರುಮಾಡಿತು. ರಾತ್ರಿ ಬಿಟ್ಟಿದ್ದ ಬಲೆ. ಹಿಂಗಾಲು ಎರಡೂ ಸಿಕ್ಕಿಕೊಂಡಿದ್ದವು. ಲೈಫ್ ಜಾಕೆಟ್ ಇದ್ದಿದ್ದಕ್ಕೆ ಮೂಗು ಮೇಲಿತ್ತು, ಇಲ್ಲದಿದ್ದರೆ ಅಷ್ಟೇ. ಆ ಹುಡುಗ ನೀರಿಗೆ ಧುಮುಕೋಕೆ ಎದ್ದ. ಅಷ್ಟರಲ್ಲಿ ಆಚೆಯಿಂದ ಥರ್ಮಾಕೋಲ್ ತೆಪ್ಪದ ಮೇಲೆ ಬರುತ್ತಿದ್ದ ಮೀನಿನ ಅಣ್ಣ ಗದರಿದ ದನಿ ಏರಿವರೆಗೂ ಕೇಳಿಸಿತು: ‘ಕೂತ್ಕಳಪ್ಪ ಅಲ್ಲೇ! ನೀನೂ ಬಿದ್ರೆ ಯಾರನ್ನಂತ ಎತ್ಲಿ?’

ಬಂದವನೇ ಚಾಕು ತೆಗೆದು ತನ್ನ ಬಲೆಯನ್ನು ತಾನೇ ಕೊಯ್ದ. ಬಿಡಿಸುತ್ತಾ ಕೂರಲಿಲ್ಲ, ಕೊಯ್ದೇ ಬಿಟ್ಟ. ನಾಯಿಯನ್ನು ಜಾಕೆಟ್ಟಿನ ಬೆನ್ನ ಮೇಲಿನ ಹಿಡಿ ಹಿಡಿದು ತೆಪ್ಪಕ್ಕೆ ಎಳೆದುಕೊಂಡ. ದಡಕ್ಕೆ ಬಂದ ಮೇಲೆ ಯಾರೂ ಬಹಳ ಮಾತಾಡಲಿಲ್ಲ. ಹುಡುಗಿ ಅಳುತ್ತಿದ್ದಳು, ನಾಯಿ ಮೈ ಕೊಡವುತ್ತಿತ್ತು. ಬಲೆಗೆ ಎಷ್ಟಾಯಿತು ಅಂತ ಅವರು ಕೇಳಿದರು, ಅಣ್ಣ ಮೊದಲು ಬೇಡ ಅಂದ, ಆಮೇಲೆ ಹೇಳಿದ, ಅವರು ಕೊಟ್ಟರು. ಕೊಡಲೇಬೇಕಿತ್ತು. ಕೆರೆಯ ಮೀನು ಯಾರೂ ಹಿಡಿಯುವ ಪುಕ್ಕಟೆ ಮೀನಲ್ಲ. ಹಣ ಕಟ್ಟಿ ಗುತ್ತಿಗೆ ಹಿಡಿದಿರುತ್ತಾರೆ, ಮರಿ ಬಿಟ್ಟಿರುತ್ತಾರೆ, ಕಾಟ್ಲಾ ದೊಡ್ಡದಾಗೋವರೆಗೂ ಕಾದಿರುತ್ತಾರೆ. ನೀರೇ ನಿಲ್ಲದ ಸೀಮೆಯಲ್ಲಿ ಆ ಒಂದು ವರ್ಷದ ನೀರೇ ಅವರ ದುಡಿಮೆ.

ಅವತ್ತಿನಿಂದ ನಮ್ಮ ಕೆರೆಯಲ್ಲೊಂದು ಒಪ್ಪಂದ ಆಗಿದೆ. ಬಲೆ ಎತ್ತಿದ ಮೇಲೆ ಅಣ್ಣ ತಮ್ಮನಿಗೆ ಒಂದು ಮಿಸ್ ಕಾಲ್ ಕೊಡ್ತಾನೆ. ಅದು ಬರೋವರೆಗೂ ಕಯಾಕಿಗೆ ಗಾಳಿ ತುಂಬೋದೇ ಇಲ್ಲ. ನೀವು ಬೇರೆ ಊರಿಂದ ಬರೋರಾದರೆ ಏರಿ ಮೇಲೆ ಮೊದಲು ಹುಡುಕಬೇಕಾದ್ದು ಫೋಟೋ ಸ್ಪಾಟ್ ಅಲ್ಲ, ಮೀನು ಹಿಡಿಯುವವರನ್ನು. ಬಲೆ ಎಲ್ಲಿದೆ, ಗುಂಡಿ ಎಲ್ಲಿದೆ, ತೂಬು ತೆಗೆದಿದ್ದಾರಾ, ಮೂರೂ ಅವರಿಗೆ ಗೊತ್ತು. ತೂಬು ತೆರೆದಿದ್ದರೆ ಆ ಸುತ್ತ ನೀರು ಒಳಕ್ಕೆ ಎಳೆಯುತ್ತೆ, ಮೇಲಿಂದ ಏನೂ ಕಾಣಲ್ಲ. ಕೋಡಿ ಹರಿಯುತ್ತಿದ್ದರಂತೂ ಅವತ್ತು ಕಯಾಕನ್ನು ಕಾರಿನಿಂದ ಇಳಿಸಲೇಬೇಡಿ. ಜೇಬಲ್ಲೊಂದು ಚಿಕ್ಕ ಚಾಕು ಇರಲಿ.

ಆ ಹುಡುಗ ಧುಮುಕೋಕೆ ಎದ್ದಿದ್ದನಲ್ಲ, ಅದನ್ನು ನಾನು ಮರೆತಿಲ್ಲ. ನಾಯಿ ಉಳಿಸೋಕೆ ಹೋಗಿ ಮನುಷ್ಯ ಮುಳುಗಿ, ನಾಯಿ ತಾನೇ ಈಜಿ ದಡ ಸೇರಿದ ಸುದ್ದಿಗಳು ಎಲ್ಲ ದೇಶಗಳಿಂದಲೂ ಬರುತ್ತಿರುತ್ತವೆ. ನಿಮಗೂ ಲೈಫ್ ಜಾಕೆಟ್ ಇರಬೇಕು, ಹಾಕಿಕೊಂಡಿರಬೇಕು. ಸೀಟಿನಡಿ ಇಟ್ಟುಕೊಂಡಿರೋದು ಲೆಕ್ಕಕ್ಕಿಲ್ಲ. ನಾಯಿ ಬಿದ್ದರೆ ನೀವು ಬೀಳಬೇಡಿ. ಕಯಾಕ್ ಅದರ ಹತ್ತಿರ ತಿರುಗಿಸಿ, ಕರೆಯಿರಿ, ಹಿಡಿ ಸಿಕ್ಕಿದರೆ ತೊಡೆ ಮೇಲೆ ಎಳೆದುಕೊಳ್ಳಿ. ಎಳೆಯೋಕೆ ಆಗದಷ್ಟು ದೊಡ್ಡ ನಾಯಿಯಾದರೆ ಹಿಡಿ ಹಿಡಿದುಕೊಂಡೇ ನಿಧಾನಕ್ಕೆ ದಡದ ಕಡೆ ಸಾಗಿ.

ಇನ್ನೊಂದು, ಬೆಲ್ಟನ್ನು ಕಯಾಕಿಗೆ ಕಟ್ಟಬೇಡಿ. ಬಹಳ ಜನ ಕಟ್ಟುತ್ತಾರೆ, ಹಾರಿಬಿಡುತ್ತೆ ಅಂತ. ಮಗುಚಿದ ದಿನ ಆ ಬೆಲ್ಟೇ ಉರುಳು.

ಎಲ್ಲ ನಾಯಿಗೂ ಈಜು ಬರುತ್ತಾ?

ಬರಲ್ಲ. ನೀರಿಗೆ ಬಿಟ್ಟರೆ ಕಾಲು ಬಡಿಯುತ್ತವೆ ನಿಜ, ಬಡಿಯೋದೇ ಈಜಲ್ಲ. ಪಗ್ ನಾಯಿ ತಗೊಳ್ಳಿ. ಹಚ್ ಜಾಹೀರಾತಿನ ಮೇಲೆ ಮನೆಮನೆಗೆ ಬಂದ ತಳಿ. ಚಪ್ಪಟೆ ಮೂತಿ, ಇಕ್ಕಟ್ಟಾದ ಉಸಿರಿನ ದಾರಿ. ಮೆಟ್ಟಿಲು ಹತ್ತಿದರೇ ಗೊರಗೊರ ಅನ್ನುತ್ತೆ. ಈ ಬಿಸಿಲಲ್ಲಿ, ನೀರಿನ ಮೇಲೆ, ಅದಕ್ಕೆ ಹಿಂಸೆ. ಬುಲ್‌ಡಾಗ್, ಗಿಡ್ಡ ಕಾಲಿನ ಡ್ಯಾಶ್‌ಹೌಂಡ್‌ಗಳದ್ದೂ ಅದೇ ಪಾಡು.

ನಮ್ಮ ಹೆಮ್ಮೆಯ ಮುಧೋಳ? ಗಾಳಿಯ ಹಾಗೆ ಓಡುತ್ತೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಆದರೆ ಅದರ ಮೈಯಲ್ಲಿ ಕೊಬ್ಬೇ ಇಲ್ಲ, ತೇಲುವುದು ಕಷ್ಟ, ಡಿಸೆಂಬರ್ ಬೆಳಗಿನ ನೀರಿಗೆ ಬೇಗ ನಡುಗುತ್ತೆ. ಅದಕ್ಕಿಂತ ಹೆಚ್ಚಾಗಿ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲ್ಲಾಡಿತು ಅಂದರೆ ನಿಮ್ಮ ‘ಸ್ಟೇ’ ಎಲ್ಲಾ ಅದಕ್ಕೆ ಕೇಳಿಸಲ್ಲ. ನನ್ನ ಕೇಳಿದರೆ ಊರ ನಾಯಿಗಳೇ ಮೇಲು, ಪಕ್ಷಪಾತ ಅಂದುಕೊಳ್ಳಿ ಬೇಕಾದರೆ. ಸಣ್ಣ ಕೂದಲು, ಮಧ್ಯಮ ಮೈಕಟ್ಟು, ಬಿಸಿಲಿಗೆ ಹೊಂದಿದ ದೇಹ. ಎಲ್ಲದಕ್ಕೂ ಮುಂಚೆ ಅನುಮಾನಪಡುವ ಸ್ವಭಾವ. ದೋಣಿಯಲ್ಲಿ ಅನುಮಾನದ ನಾಯಿ ಒಳ್ಳೆಯದು, ಅದು ಕದಲದೆ ಕೂರುತ್ತೆ.

ಚುಕ್ಕಿಗೆ ಅಭ್ಯಾಸ ಮಾಡಿಸಿದ್ದು ಹಾಲ್‌ನಲ್ಲಿ. ಟಿವಿ ಮುಂದೆ ಕಯಾಕ್ ಊದಿಸಿಟ್ಟು ಅದರೊಳಗೇ ಊಟ ಹಾಕುತ್ತಿದ್ದೆವು. ಒಂದು ವಾರಕ್ಕೆ ಅವಳೇ ಹತ್ತಿ ಮಲಗೋಕೆ ಶುರುಮಾಡಿದಳು. ಅಮ್ಮ ಕಸ ಗುಡಿಸುವಾಗ ಬೈದಿದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಜಾಕೆಟ್ ಹಾಕಿಕೊಂಡು ಮನೆಯೊಳಗೆ ಓಡಾಟ. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತ ಕಯಾಕ್, ನಾವು ಹಿಡಿದುಕೊಂಡಿರೋದು, ಅವಳು ಹತ್ತೋದು ಇಳಿಯೋದು. ಮೊದಲ ಸಲ ನಿಜವಾಗಿ ಹುಟ್ಟು ಹಾಕಿದ್ದು ಹತ್ತೇ ನಿಮಿಷ. ನಾನು ಮೊದಲು ಕೂತು, ಆಮೇಲೆ ಅವಳು ಹತ್ತಿ ನನ್ನ ಎರಡು ಕಾಲುಗಳ ನಡುವೆ ಕೂರುತ್ತಾಳೆ. ಇಳಿಯುವಾಗ ‘ಹೂಂ’ ಅನ್ನೋವರೆಗೂ ಇಳಿಯಬಾರದು. ಈ ಒಂದು ಮಾತು ಕಲಿಸಿದರೆ ಸಾಕು. ದಡ ಕಂಡ ಕೂಡಲೇ ಹಾರುವ ನಾಯಿಯೇ ದೋಣಿ ಮಗುಚೋದು.

ತೂಕದ ಲೆಕ್ಕವನ್ನೂ ಹಾಕಿ. ಡಬ್ಬಿ ಮೇಲೆ 150 ಕೆ.ಜಿ. ಅಂತ ಇದೆ ಅಂದುಕೊಳ್ಳಿ. ನೀವು 70, ನಿಮ್ಮ ಜೊತೆಯವರು 60, ನಾಯಿ 18, ನೀರು-ಬ್ಯಾಗು 5. ಆಗಲೇ ಮೂರು ಕೆ.ಜಿ. ಹೆಚ್ಚಾಯಿತು. ಅದರ ಮೇಲೆ ನಾಯಿ ಅನ್ನೋದು ಅಲ್ಲಾಡುವ ತೂಕ, ಅಕ್ಕಿ ಮೂಟೆ ಹಾಗೆ ಸುಮ್ಮನಿರಲ್ಲ. ಹರಿಗೋಲು ಸಿಕ್ಕಿದರೆ ನಾನಂತೂ ಅದನ್ನೇ ಆರಿಸಿಕೊಳ್ಳೋದು. ಗುಂಡಗೆ, ಅಗಲವಾಗಿ, ತಳ ಚಪ್ಪಟೆ. ನಾಯಿಯನ್ನು ನಟ್ಟನಡುವೆ ಕೂರಿಸಿ ಜನ ಎದುರುಬದುರು ಕೂತರೆ ಸಲೀಸಾಗಿ ಸಾಗುತ್ತೆ. ಸುಮ್ಮನೆ ಗಿರಗಿರ ತಿರುಗುತ್ತೆ ಅನ್ನೋದೊಂದೇ ತಕರಾರು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ನಾಯಿಗಳಿಗೆ ಇಷ್ಟವಾಗಲ್ಲ. ನಿದ್ದೆಯಿಲ್ಲದೆಯೂ ಮತ್ತೆ ಮತ್ತೆ ಆಕಳಿಸೋದು, ತುಟಿ ನೆಕ್ಕೋದು, ಬಾಲ ಹೊಟ್ಟೆಯಡಿ ಸೇರಿಸೋದು, ಕಣ್ಣು ತಪ್ಪಿಸೋದು. ಇದು ಭಯ. ಇನ್‌ಸ್ಟಾದಲ್ಲಿ ‘ಸೋ ಕಾಮ್’ ಅಂತ ಕಮೆಂಟ್ ಬೀಳುವ ಎಷ್ಟೋ ವಿಡಿಯೋಗಳಲ್ಲಿ ನಾಯಿ ಹೆದರಿ ಮರಗಟ್ಟಿರುತ್ತೆ. 2022ರಲ್ಲಿ ‘777 ಚಾರ್ಲಿ’ ನೋಡಿ ಬಂದ ಮೇಲೆ ನಮ್ಮ ಹುಡುಗರಿಗೆಲ್ಲ ನಾಯಿಯನ್ನು ಊರೂರು ಸುತ್ತಿಸುವ ಹುಚ್ಚು ಹಿಡೀತು. ಒಳ್ಳೆಯದೇ. ಆದರೆ ಚಾರ್ಲಿಗೆ ಹಿಮ ಅಂದರೆ ಪ್ರಾಣ, ಅದಕ್ಕೇ ಧರ್ಮ ಅವಳನ್ನು ಅಷ್ಟು ದೂರ ಕರೆದುಕೊಂಡು ಹೋಗಿದ್ದು ಅನ್ನೋದನ್ನು ಮರೀಬಾರದು. ನಿಮ್ಮದಕ್ಕೆ ಏರಿ ಮೇಲೆ ಅಜ್ಜಿ ಪಕ್ಕ ಕೂತು ಮಂಡಕ್ಕಿ ತಿನ್ನೋದೇ ಇಷ್ಟ ಅಂದರೆ ಅಲ್ಲೇ ಇರಲಿ ಬಿಡಿ.

ಬಿಸಿಲು, ಪಾಚಿ, ಇಲಿ ಜ್ವರ

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಬೆವರುವುದು ಪಾದದಲ್ಲಿ ಒಂಚೂರು. ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಅದರ ಮೈಯ ಸಹಜ ಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೇಲಿಂದ ಸೂರ್ಯ, ಕೆಳಗೆ ಕಾದ ರಬ್ಬರ್, ಸುತ್ತ ನೀರಿನಿಂದ ಕಣ್ಣಿಗೆ ಹೊಡೆಯುವ ಬೆಳಕು, ಮೈಮೇಲೆ ದಪ್ಪ ಜಾಕೆಟ್. ಈ ಸೀಮೆಯಲ್ಲಿ ಬೆಳಿಗ್ಗೆ ಆರರಿಂದ ಎಂಟೂವರೆ, ಅಷ್ಟೇ ನಿಮ್ಮ ಟೈಮು. ಒಂಬತ್ತಕ್ಕೆ ಹೋಟೆಲ್‌ನಲ್ಲಿ ತಟ್ಟೆ ಇಡ್ಲಿ ಮುಂದೆ ಇರಬೇಕು. ನಾಲಿಗೆ ಕಡುಗೆಂಪಾಗಿ, ಜೊಲ್ಲು ಗಟ್ಟಿಯಾಗಿ, ನಡೆಯುವಾಗ ತೂರಾಡಿದರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು ಮೈಗೆಲ್ಲ ನೀರು ಹುಯ್ಯುತ್ತಾ ಗಾಳಿ ಬೀಸಿ, ಕಾರು ಹತ್ತಿಸಿ. ತಾಲ್ಲೂಕು ಪಶು ಆಸ್ಪತ್ರೆ ಎಲ್ಲಿದೆ ಅಂತ ಹಿಂದಿನ ದಿನವೇ ಮ್ಯಾಪ್‌ನಲ್ಲಿ ಗುರುತು ಹಾಕಿಕೊಂಡಿರಿ. 1962 ಪಶುವೈದ್ಯ ಸಹಾಯವಾಣಿ ನಂಬರೂ ಫೋನಿನಲ್ಲಿರಲಿ.

ಫೆಬ್ರವರಿ ದಾಟಿ ನೀರು ಕುಗ್ಗಿದಾಗ ಕೆರೆ ದಡದಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ ಕಟ್ಟುತ್ತಲ್ಲ, ಅದನ್ನು ನೋಡಿದರೆ ವಾಪಸ್ ಬನ್ನಿ. ಅದರಲ್ಲಿ ಕೆಲವು ಬಗೆ ಕಡು ವಿಷ. ನಾಯಿ ಆ ನೀರು ಕುಡಿಯಲೇಬೇಕು ಅಂತಿಲ್ಲ, ಮೈಗೆ ಅಂಟಿದ್ದನ್ನು ನೆಕ್ಕಿಕೊಂಡರೂ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅದಕ್ಕೆ ಮರುಮದ್ದಿಲ್ಲ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಚೆಂಡೋ ಕಡ್ಡಿಯೋ ಎಸೆದು ಅರ್ಧ ಗಂಟೆ ಈಜಿಸೋದೂ ಬೇಡ. ಬಾಯಿ ತೆರೆದು ಈಜುತ್ತಾ ಲೀಟರುಗಟ್ಟಲೆ ನೀರು ನುಂಗಿ, ರಕ್ತದ ಉಪ್ಪಿನಂಶ ಇಳಿದು ತಲೆ ತಿರುಗಿ ಬೀಳುವ ನಾಯಿಗಳಿವೆ.

ಇಲಿ ಜ್ವರದ ಲಸಿಕೆ ಕೇಳಿ ಹಾಕಿಸಿ. ಲೆಪ್ಟೋಸ್ಪೈರಾ ಅನ್ನುವ ಈ ರೋಗಾಣು ಇಲಿ, ದನಗಳ ಮೂತ್ರದಿಂದ ನಿಂತ ನೀರಿಗೆ ಸೇರುತ್ತೆ. ನಾಯಿಯಿಂದ ನಿಮಗೂ ಬರಬಹುದು. ಇಷ್ಟು ವರ್ಷ ಪಾರ್ಕಿನಲ್ಲಿ ಮಾತ್ರ ಓಡಾಡಿದ ನಾಯಿಗೆ ಡಾಕ್ಟರು ಅದನ್ನು ಹಾಕಿದ್ದಾರಾ ಇಲ್ವಾ ಅಂತ ಕಾರ್ಡು ತೆಗೆದು ನೋಡಿ. ಮನೆಗೆ ಬಂದ ಮೇಲೆ ಒಳ್ಳೇ ನೀರಲ್ಲಿ ತೊಳೆದು ಕಿವಿ ಒರೆಸಿ, ಬೆರಳ ಸಂದು ನೋಡಿ. ಏರಿಯ ಹುಲ್ಲಿನಲ್ಲಿ ಉಣ್ಣೆ ಹತ್ತಿರುತ್ತೆ, ನೆಗ್ಗಿಲು ಮುಳ್ಳು ಇದ್ದೇ ಇರುತ್ತೆ. ಪಾಪದ ಸೀಮನ್ ನೆನಪಾಗಬೇಕು.

ಎಲ್ಲಿ ಇಳಿಸಬಾರದು?

ಎಲ್ಲಿ ಹೋಗಬೇಕು ಅಂತ ಹೇಳಿ, ಲೊಕೇಶನ್ ಹಾಕಿ ಅಂತ ಕೇಳ್ತಾರೆ. ನಾನು ಹಾಕಲ್ಲ. ಹಾಕಿದ ಮುಂದಿನ ಭಾನುವಾರ ಆ ಕೆರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಎಲ್ಲಿ ಬೇಡ ಅಂತ ಮಾತ್ರ ಹೇಳ್ತೀನಿ.

ಹೇಮಾವತಿ ನೀರು ಬರುವ ಕಳ್ಳಂಬೆಳ್ಳ, ಶಿರಾ ದೊಡ್ಡಕೆರೆಗಳು ಹೆದ್ದಾರಿಯಿಂದಲೇ ಹತ್ತಿರ, ನೋಡೋಕೂ ಚೆಂದ. ಆದರೆ ಅದು ಜನ ಕುಡಿಯುವ ನೀರು. ಎಷ್ಟೋ ವರ್ಷ ಹೋರಾಡಿ ತಂದುಕೊಂಡ ನೀರಿನಲ್ಲಿ ನಿಮ್ಮ ನಾಯಿ ಈಜಿದರೆ ಊರವರಿಗೆ ಸಿಟ್ಟು ಬರುತ್ತೆ, ಬರಲೇಬೇಕು. ಕೊರಟಗೆರೆಯ ತೀತಾ ಜಲಾಶಯದ ಬಗಲಲ್ಲೇ ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನ. ಭಕ್ತರು ಕೈಕಾಲು ತೊಳೆಯುವ ಕಡೆ, ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ಸನ್ನಿಧಿಗೆ ಬಂದವರು ಪಿನಾಕಿನಿಯಲ್ಲಿ ಸ್ನಾನ ಮಾಡುವ ಕಡೆ ನಾಯಿ ಇಳಿಸಬೇಡಿ. ಬಟ್ಟೆ ಒಗೆಯುವ ಅಕ್ಕಂದಿರ ಹತ್ತಿರವೂ ಅಷ್ಟೇ. ಮೈ ಕೊಡವಿದರೆ ಒಗೆದ ಸೀರೆ ಮೇಲೆ ಕೆಸರು, ಆಮೇಲೆ ಬರುವ ಬೈಗುಳ ಪಾವಗಡದ ಕಡೆಯಾದರೆ ತೆಲುಗಿನಲ್ಲೂ ಬರುತ್ತೆ.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಣ್ಣದ ಕೊಕ್ಕರೆಗಳು ಬಂದು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆಲ್ಲ ಹಿಕ್ಕೆ, ವಾಸನೆ, ಗಲಾಟೆ. ಆದರೂ ಊರವರು ಓಡಿಸಲ್ಲ, ಬಂದವರನ್ನು ಕಲ್ಲು ಹೊಡೆಯೋಕೂ ಬಿಡಲ್ಲ. ಆ ಹಕ್ಕಿಗಳು ಮರಿಗೆ ಮೀನು ತರೋದು ಸುತ್ತಮುತ್ತಲ ಕೆರೆಗಳ ತೆಳು ನೀರಿನಿಂದ. ಅಲ್ಲೊಂದು ನಾಯಿ ಬೊಗಳುತ್ತಾ ತೇಲಿದರೆ ಹಿಂಡು ಎದ್ದು ಹೋಗುತ್ತೆ, ಗೂಡಿನ ಮರಿ ಹಸಿದಿರುತ್ತೆ. ಮಧುಗಿರಿಯ ಮೈದನಹಳ್ಳಿ ಕಡೆ ಹೋಗೋರಿಗೂ ಒಂದು ಮಾತು. ಅಲ್ಲಿರುವುದು 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ. ಹುಲ್ಲಿನಲ್ಲಿ ಅಡಗಿ ಮಲಗಿರುವ ಜಿಂಕೆ ಮರಿಗೆ ನಾಯಿಗಿಂತ ದೊಡ್ಡ ಶತ್ರು ಇಲ್ಲ. ನಿಮ್ಮ ನಾಯಿ ‘ಯಾರಿಗೂ ಏನೂ ಮಾಡಲ್ಲ’ ಅನ್ನೋದು ನಿಮಗೆ ಗೊತ್ತು, ಜಿಂಕೆಗೆ ಗೊತ್ತಿಲ್ಲ.

ಬೆಟ್ಟದ ಬುಡದ ಕೆರೆಗಳಲ್ಲಿ ಸಂಜೆ ನಿಲ್ಲಬೇಡಿ, ಟೆಂಟು ಹಾಕೋ ಯೋಚನೆಯಂತೂ ಬಿಟ್ಟೇಬಿಡಿ. ಮಧುಗಿರಿ, ಕೊರಟಗೆರೆಯ ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ಚಿರತೆಗೆ ನಾಯಿ ಅಂದರೆ ಊಟ. ಹಳ್ಳಿಯವರು ರಾತ್ರಿ ನಾಯಿಯನ್ನು ಒಳಗೆ ಕೂಡಿಕೊಳ್ಳೋದು ಪ್ರೀತಿಗೆ ಮಾತ್ರ ಅಲ್ಲ.

ಅನುಮತಿಯ ಕಥೆ ಸ್ವಲ್ಪ ಗೋಜಲು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ, ಮೀನು ಗುತ್ತಿಗೆದಾರರಿಗೆ. ಪಂಚಾಯಿತಿ ಆಫೀಸಿನಲ್ಲಿ ‘ನಾಯಿ ಜೊತೆ ದೋಣಿ’ ಅಂತ ಅರ್ಜಿ ಕೊಟ್ಟರೆ ಕ್ಲರ್ಕ್ ನಗಬಹುದು. ಆದರೂ ಒಂದು ಮಾತು ಕೇಳಿ, ಗುತ್ತಿಗೆಯವರನ್ನು ಕೇಳಿ. ಬೇಡ ಅಂದರೆ ವಾದ ಬೇಡ. ಏರಿ ಮೇಲಿನ ಊರ ನಾಯಿಗಳನ್ನು ಯಾರೂ ಕೇಳೋಕಾಗಲ್ಲ, ಅವು ನಿಮ್ಮದನ್ನು ನೋಡಿದ ಕೂಡಲೇ ಗುಂಪಾಗಿ ಬರುತ್ತವೆ. ಕಾರನ್ನು ನೀರಿಗೆ ಆದಷ್ಟು ಹತ್ತಿರ ತಂದು, ಎಲ್ಲ ಸಿದ್ಧ ಮಾಡಿಕೊಂಡು, ಕೊನೆಯಲ್ಲಿ ನಾಯಿ ಇಳಿಸಿ ನೇರ ಕಯಾಕಿಗೆ ಹತ್ತಿಸೋದು ನಾವು ಕಂಡುಕೊಂಡ ಉಪಾಯ.

ಈಗ ನಮ್ಮ ಕೆರೆಯಲ್ಲಿ ನೀರು ಇಳಿಯುತ್ತಾ ಬಂದಿದೆ. ಕಳೆದ ತಿಂಗಳು ಮುಳುಗಿದ್ದ ಜಾಲಿ ಮರಗಳು ಒಂದೊಂದಾಗಿ ತಲೆ ಎತ್ತುತ್ತಿವೆ, ಅವುಗಳ ಕೊಂಬೆಯಲ್ಲಿ ಹರಿದ ಬಲೆಯ ಚೂರು ನೇತಾಡುತ್ತಿದೆ. ಮೀನಿನ ಅಣ್ಣ ಕೊನೆಯ ಸುತ್ತು ಎಳೆಯುತ್ತಿದ್ದಾನೆ, ಈ ಸಲ ಜಿಲೇಬಿ ಮೀನೇ ಜಾಸ್ತಿ ಅಂತೆ. ಹಿಂದೆ ಸರಿದ ನೀರಿನ ಜಾಗದಲ್ಲಿ ಆಗಲೇ ಯಾರೋ ಸೌತೆ ಬಳ್ಳಿ ಹಾಕಿದ್ದಾರೆ. ಕಯಾಕನ್ನು ತೊಳೆದು, ಒಣಗಿಸಿ, ಪೌಡರ್ ಹಾಕಿ ಅಟ್ಟಕ್ಕೆ ಏರಿಸಿದ್ದೇವೆ. ಚುಕ್ಕಿ ದಿನಾ ಬೆಳಿಗ್ಗೆ ಅಟ್ಟದ ಏಣಿ ಕೆಳಗೆ ಹೋಗಿ ಕೂತುಕೊಳ್ಳುತ್ತಾಳೆ. ಮಳೆ ಬರಲಿ ಕಣೇ ಅಂತ ಅಮ್ಮ ಅವಳಿಗೆ ಹೇಳ್ತಿರ್ತಾರೆ.